ಶಿವ ಅಂಟದ ಪೆಟ್ಟಿಗೆ

ಕಾರವಾರದ ಮಳೆಗಾಲದಲ್ಲಿ ಅಂಚೆಯ ಮೂಲಕ ಮಾಸಪತ್ರಿಕೆ ತರಿಸುವವರು ಒಂದೋ ಧೈರ್ಯವಂತರು, ಇಲ್ಲವೇ ನನ್ನಂತೆ ಧಾರಾವಾಹಿಯ ಚಟಕ್ಕೆ ಬಿದ್ದವರು. ಮೊನ್ನೆಯ ಸಂಚಿಕೆಯನ್ನು ಎಂದಿನಂತೆ ಗೇಟಿನ ಸರಳುಗಳ ನಡುವೆ ಸಿಕ್ಕಿಸಿ ಹೋಗಿದ್ದರು. ನಾನು ನೋಡುವಷ್ಟರಲ್ಲಿ ಕಡಲಿನ ಕಡೆಯಿಂದ ಬಂದ ಮಳೆ ಅದನ್ನು ಮುಖಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದಿ ಮುಗಿಸಿತ್ತು. ಫ್ಯಾನಿನ ಕೆಳಗೆ ಒಣಗಿಸಿ, ಇಸ್ತ್ರಿ ಹಾಕಿ, ಬ್ಲೇಡಿನಿಂದ ಪುಟ ಬಿಡಿಸಿದರೂ ಕೊಲೆಗಾರ ಯಾರೆಂದು ಹೇಳುವ ಪುಟ ಮಾತ್ರ ಪಕ್ಕದ ಅಪ್ಪೆಮಿಡಿ ಉಪ್ಪಿನಕಾಯಿಯ ವಿಧಾನವನ್ನು ಬಿಟ್ಟು ಬರಲಿಲ್ಲ. ಇನ್ನು ತಡೆಯಲಾರೆ, ಗೇಟಿಗೊಂದು ಟಪಾಲು ಪೆಟ್ಟಿಗೆ ಬೇಕು, ಅದು ನೋಡಲು ಚೆಂದವಾಗಿಯೂ ಇರಬೇಕು ಎಂದು ಸಾರಿದೆ.

ಬರೀ ಪೆಟ್ಟಿಗೆ ಎಂದಿದ್ದರೆ ಅದೇ ಸಂಜೆ ಒಂದು ಡಬ್ಬಿ ಬಂದು ನೇತಾಡುತ್ತಿತ್ತು. ಚೆಂದವಾಗಿರಬೇಕು ಎಂದದ್ದೇ ತಡ, ಮನೆಯವರಿಗೆಲ್ಲ ಅಭಿರುಚಿ ಹುಟ್ಟಿಕೊಂಡಿತು. ಬೆಂಗಳೂರಿನ ಮಗಳು ಮೊಬೈಲಿಗೆ ಕಳಿಸಿದ ಚಿತ್ರದಲ್ಲಿ ಅಮೆರಿಕದ ಮಾದರಿಯ ಪೆಟ್ಟಿಗೆ ಇತ್ತು. ಕಮಾನಿನ ಬೆನ್ನು, ಪಕ್ಕದಲ್ಲಿ ಎತ್ತಿ ಇಳಿಸುವ ಕೆಂಪು ಬಾವುಟ. ಅಲ್ಲಿಯವರು ತಾವು ಕಳಿಸಬೇಕಾದ ಕಾಗದವನ್ನು ಒಳಗಿಟ್ಟು ಬಾವುಟ ಎತ್ತುತ್ತಾರೆ, ಪೋಸ್ಟ್‌ಮನ್ ನೋಡಿ ಒಯ್ಯುತ್ತಾನೆ. ನಮ್ಮಲ್ಲಿ ಗೇಟಿನ ಮೇಲೆ ಕೆಂಪು ಬಾವುಟ ಎತ್ತಿದರೆ ಮೊದಲು ಬರುವವರು ಪಕ್ಷದ ಕಾರ್ಯಕರ್ತರು. ಮಡಗಾಂವ್ ಕಡೆಯ ಮನೆಗಳಲ್ಲಿ ಇರುವಂತೆ ನೀಲಿ ಚಿತ್ತಾರದ ಹೆಂಚಿನ ಬಿಲ್ಲೆ ಕೂರಿಸಿದ ಪೆಟ್ಟಿಗೆ ನನ್ನ ಆಸೆ. ಅತ್ತೆಗೆ ಗಣಪತಿ ಇದ್ದರೆ ಸಾಕು, ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ.

ನಮ್ಮ ಮಾಸ್ತರರಿಗೆ ಚೆಂದ ಗಿಂದ ಯಾವುದೂ ಕಾಣುವುದಿಲ್ಲ. ನಿವೃತ್ತರಾದರೂ ಗಂಡನನ್ನು ಊರೆಲ್ಲ ಹಾಗೆ ಕರೆಯುತ್ತದೆ, ನಾನೂ ಕರೆಯುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಕೋಡಿಬಾಗದ ಉಪ್ಪುಗಾಳಿಯಲ್ಲಿ ಗೇಟಿನ ಬಿಜಾಗರಿ, ಸೈಕಲ್ಲಿನ ಚೈನು, ಕಪಾಟಿನೊಳಗಿನ ಕೀಲಿಕೈ, ಎಲ್ಲವೂ ತುಕ್ಕು ಹಿಡಿಯುವುದನ್ನು ಕಂಡು ಅವರಿಗೆ ಕಬ್ಬಿಣದ ಮೇಲೆ ವೈಯಕ್ತಿಕ ದ್ವೇಷ. ಆದ್ದರಿಂದ ಪೆಟ್ಟಿಗೆ ನೋಡಲು ಹೊರಟಾಗ ಫ್ರಿಜ್ಜಿನ ಬಾಗಿಲಿನ ಮುರುಡೇಶ್ವರನನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡರು. ಅಲ್ಲಿ ಕಡಲ ದಂಡೆಯಲ್ಲಿ 123 ಅಡಿ ಎತ್ತರಕ್ಕೆ ಕುಳಿತಿರುವ ಶಿವ ನಮ್ಮ ಫ್ರಿಜ್ಜಿನಲ್ಲಿ ಹೆಬ್ಬೆರಳಿನಷ್ಟಿದ್ದಾನೆ, ಬೆನ್ನಿಗೆ ಅಯಸ್ಕಾಂತ ಹೊತ್ತು.

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಪರೀಕ್ಷೆ ಆರಂಭವಾಯಿತು. ಮೊದಲ ಪೆಟ್ಟಿಗೆಗೆ ಶಿವ ಟಕ್ಕೆಂದು ಅಂಟಿಕೊಂಡ. "ಕಬ್ಬಿಣ, ಬೇಡ." ಎರಡನೆಯದಕ್ಕೂ ಅಂಟಿಕೊಂಡ. "ಮಾಸ್ತರೇ, ಇದು ಅಪ್ಪಟ ಸ್ಟೀಲು, ಗೋವಾದ ರೆಸಾರ್ಟುಗಳಿಗೂ ಇದೇ ಹೋಗುತ್ತದೆ" ಎಂದ ಅಂಗಡಿಯಾತ. ಶಿವನೆದುರು ಸುಳ್ಳು ಹೇಳುತ್ತೀಯಾ ಎಂಬಂತೆ ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. ಮರದ ಪೆಟ್ಟಿಗೆಗೂ ಶಿವನನ್ನು ಹಿಡಿದರು. ಅಂಟಲಿಲ್ಲ. ತಲೆಯಾಡಿಸಿ ಪ್ಲಾಸ್ಟಿಕ್ಕಿನದಕ್ಕೂ ಹಿಡಿದರು. ನಾನು ಬೀದಿಯ ಕಡೆ ಮುಖ ಮಾಡಿ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ನಿಂತೆ.

ಮುಂದಿನದು ಇನ್ನೂ ಪೇಚಿನದು. ಒಂದು ಪೆಟ್ಟಿಗೆಯ ಸಪಾಟು ಮೈಮೇಲೆ ಶಿವ ಜಾರಿದ, ಆದರೆ ಮಡಿಕೆಯ ಅಂಚಿನಲ್ಲಿ ತುಸು ಹಿಡಿದ. "ನೋಡಿದಿರಾ, ಕಲಬೆರಕೆ" ಎಂದೆ. ಅಷ್ಟು ಸಾಕಾಯಿತು. 304 ನಂಬರಿನ ಸ್ಟೀಲಿನಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತದೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ತಣ್ಣಗಿರುವಾಗ ಬಗ್ಗಿಸಿದ ಜಾಗದಲ್ಲಿ ಒಳರಚನೆ ಬದಲಾಗಿ ಸ್ವಲ್ಪ ಅಂಟುತ್ತದೆ ಎಂದು ಪೂರ್ತಿ ಪಾಠವಾಯಿತು. ಟಾರ್ಪಾಲಿನ್ ಕೊಳ್ಳಲು ಬಂದವರು, ಬಲೆಯ ಹಗ್ಗಕ್ಕೆ ಬಂದವರು ಸುತ್ತ ನಿಂತು ಕೇಳಿದರು. ಪಾಠದ ಭರದಲ್ಲಿ ಶಿವನನ್ನು ಕೌಂಟರಿನ ಮೇಲೆ ಇಟ್ಟಿದ್ದರು. ಎತ್ತಿದಾಗ ಪಕ್ಕದ ತಟ್ಟೆಯ ಸಣ್ಣ ಮೊಳೆಗಳೆಲ್ಲ ಅಂಟಿಕೊಂಡು ಜಟೆಯಂತೆ ಕೆದರಿದ್ದವು. ಕಾಲು ಕಿಲೋ ಮೊಳೆಗೆ ಬಂದಿದ್ದ ಹುಡುಗ ಅವನ್ನು ಒಂದೊಂದಾಗಿ ಬಿಡಿಸಿ ತಕ್ಕಡಿಗೆ ಹಾಕಿಸಿಕೊಂಡ.

ಕೊನೆಗೆ ಅಂಗಡಿಯಾತ ಗೆದ್ದ ಮುಖದಿಂದ ಒಂದನ್ನು ತಂದ. ಶಿವ ಎಲ್ಲಿಯೂ ಅಂಟಲಿಲ್ಲ. ಮಾಸ್ತರರು ಅದನ್ನು ತಿರುಗಿಸಿ ಅಡಿಯಲ್ಲಿದ್ದ 202 ಎಂಬ ಅಂಕಿ ಓದಿ ಕೆಳಗಿಟ್ಟರು. ಇದರಲ್ಲಿ ನಿಕ್ಕಲ್ ಕಡಿಮೆ, ಅಯಸ್ಕಾಂತಕ್ಕೆ ಅಂಟದಿದ್ದರೂ ಕಡಲತೀರದಲ್ಲಿ ಬೇಗ ತುಕ್ಕು ಹಿಡಿಯುತ್ತದಂತೆ.

"ಅಂಟಿದರೂ ಬೇಡ, ಅಂಟದಿದ್ದರೂ ಬೇಡ. ಹಾಗಾದರೆ ಶಿವನನ್ನು ಯಾಕೆ ಕರೆತಂದಿರಿ?"

ಈ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನನಗೆ ಸಿಟ್ಟು ಬಂದದ್ದು ಪರೀಕ್ಷೆಗಲ್ಲ, ಅಷ್ಟು ಹೊತ್ತಿನಲ್ಲಿ ಯಾರೊಬ್ಬರೂ ಪೆಟ್ಟಿಗೆಯ ಬಾಯಿ ಎಷ್ಟಗಲ ಎಂದು ನೋಡದಿದ್ದುದಕ್ಕೆ. ಎಲ್ಲವೂ ಇನ್‌ಲ್ಯಾಂಡ್ ಲೆಟರ್ ಹಿಡಿಯುವಷ್ಟೇ. ಮಾಸಪತ್ರಿಕೆ ಮಡಚದೆ ಹೋಗಬೇಕಾದರೆ ಒಂದು ಗೇಣಿಗಿಂತ ಹೆಚ್ಚು ಬೇಕು.

ಇನ್‌ಲ್ಯಾಂಡ್ ಲೆಟರಾದರೂ ಈಗ ಯಾರು ಬರೆಯುತ್ತಾರೆ? ಸದಾಶಿವಗಡದ ನನ್ನ ತವರಿನಲ್ಲಿ ಪೆಟ್ಟಿಗೆಯೇ ಇರಲಿಲ್ಲ, ಕಾಗದಗಳಿದ್ದವು. ಅಣ್ಣ ಮಸ್ಕತ್‌ನಿಂದ ಬರೆಯುತ್ತಿದ್ದ, ಅಂಚಿಗೆ ಕೆಂಪು ನೀಲಿ ಪಟ್ಟೆಯ ಲಕೋಟೆ. ಆಯಿ ಪೋಸ್ಟ್‌ಮನ್‌ಗೆ ಬೆಲ್ಲ ನೀರು ಕೊಟ್ಟು, ಅವನಿಂದಲೇ ಒಮ್ಮೆ ಓದಿಸಿ, ನನ್ನಿಂದ ಇನ್ನೊಮ್ಮೆ ಓದಿಸಿ, ಬಾಗಿಲ ಹಿಂದಿನ ಕೊಕ್ಕೆಯ ತಂತಿಗೆ ಚುಚ್ಚಿಡುತ್ತಿದ್ದಳು. ಅಣ್ಣನ ಎಲ್ಲ ಕಾಗದಗಳ ನಟ್ಟನಡುವೆ ಒಂದು ತೂತು. ಅಲ್ಲಿ ಯಾವ ಅಕ್ಷರ ಇತ್ತೆಂದು ಆಯಿಗೆ ಬಾಯಿಪಾಠವಾಗಿತ್ತು. ಈಗ ನಮ್ಮ ಗೇಟಿಗೆ ಬರುವುದು ವಿಮೆಯ ಕಂತಿನ ನೋಟಿಸು, ಮೊದಲೇ ಮೊಬೈಲಿಗೆ ಬಂದ ಮದುವೆ ಕರೆಯೋಲೆಯ ಅಚ್ಚಾದ ಪ್ರತಿ, ಮತ್ತು ನನ್ನ ಕೊಲೆಗಾರ.

ಪೆಟ್ಟಿಗೆ ಕೊನೆಗೆ ಆದದ್ದು ಬೈತಖೋಲದ ಬಂದರಿನ ಬಳಿ, ಮೀನುಗಾರಿಕೆ ಬೋಟುಗಳ ಸಾಮಾನು ವೆಲ್ಡಿಂಗ್ ಮಾಡುವವನ ಕೈಯಲ್ಲಿ. 316 ನಂಬರಿನ ಸ್ಟೀಲು, ಮಾಲಿಬ್ಡಿನಂ ಬೆರೆಸಿದ್ದು, ಉಪ್ಪುನೀರಿಗೂ ಸುಲಭವಾಗಿ ಬಗ್ಗುವುದಿಲ್ಲ. ಕೊಟ್ಟ ದುಡ್ಡು ಹೇಳುವುದಿಲ್ಲ. "ಅಕ್ಕೋರೇ, ಒಳಗೆ ಬಂಗಾರ ಇಡುತ್ತೀರಾ?" ಎಂದು ಅವನು ಕೇಳಿದ್ದನ್ನು ಮಾತ್ರ ಹೇಳುತ್ತೇನೆ. ನೀಲಿ ಬಿಲ್ಲೆಗೆ ಜಾಗ ಉಳಿಯಲಿಲ್ಲ, ಏಕೆಂದರೆ ಅತ್ತೆಯ ಹಿತ್ತಾಳೆ ಗಣಪತಿ ಮುಂಭಾಗವನ್ನೆಲ್ಲ ಆಕ್ರಮಿಸಿದ. ಎರಡು ಲೋಹ ತಾಗಿದರೆ ಉಪ್ಪುಗಾಳಿಯಲ್ಲಿ ಸವೆಯುತ್ತದೆಂದು ಮಾಸ್ತರರು ಗಣಪತಿಯ ಬೆನ್ನಿಗೆ ರಬ್ಬರ್ ವಾಷರ್ ಕೂರಿಸಿದರು.

ಪೋಸ್ಟ್‌ಮನ್ ಹೊಸ ಪೆಟ್ಟಿಗೆಯನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದು, ಟಪಾಲನ್ನು ನನ್ನ ಕೈಗೇ ಕೊಟ್ಟು ಹೋದ. ದಾರಿಹೋಕರು ಅಷ್ಟಕ್ಕೇ ನಿಲ್ಲಲಿಲ್ಲ. ಗಣಪತಿ, ಕೆಳಗೆ ಅಗಲವಾದ ಸೀಳು, ಬೀಗ: ಇನ್ನೇನು ಬೇಕು? ಒಳಗೆ ಚಿಲ್ಲರೆ ಬೀಳತೊಡಗಿತು. ದೇವರ ದುಡ್ಡು ಯಾರೂ ಮುಟ್ಟಕೂಡದೆಂದು ಅತ್ತೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಅವರು ಮಧ್ಯಾಹ್ನ ಮಲಗಿದ ಮೇಲೆ ಮಾಸ್ತರರು ಶಿವನಿಗೆ ದಾರ ಕಟ್ಟಿ ಸೀಳಿನೊಳಗೆ ಇಳಿಬಿಡುತ್ತಾರೆ. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳು ಅಂಟಿಕೊಂಡು ಮೇಲೆ ಬರುತ್ತವೆ. ಹತ್ತರ ನಾಣ್ಯ ಮಾತ್ರ ಬರುವುದಿಲ್ಲ.