ತೃಪ್ತಿಯಾಗಿದೆ ಸಾರ್!

ಪೊಲೀಸರಿಗೆ ಮನೆ ಕಡೆ ಮುಖ ಹಾಕಲು ಟೈಮ್ ಸಿಗುತ್ತಿಲ್ಲ ಎಂಬ ವಿಷಯ ಕೊನೆಗೂ ಇಲಾಖೆಯ ಕಿವಿಗೆ ಬಿತ್ತು. ಇಲಾಖೆ ಸುಮ್ನೆ ಕೂರಲಿಲ್ಲ. ಕೂಡಲೇ ಒಂದು ಕಾರ್ಯಾಗಾರ ಇಟ್ಟಿತು. ವಿಷಯ: ‘ಕೆಲಸ ಮತ್ತು ಕುಟುಂಬದ ಸಮತೋಲನ’. ದಿನ: ವಾರದ ರಜೆ. ಹಾಜರಾತಿ ಕಡ್ಡಾಯ.

ಯಾವ ಊರಿನ ಇಲಾಖೆ ಎಂದು ಕೇಳಬೇಡಿ. ಯಾವ ಊರಿನದೆಂದರೂ ನಡೆಯುತ್ತದೆ. ನಮ್ಮ ಪೇದೆಗೆ ಹೆಸರೂ ಬೇಡ.

ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ‘ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನ ಇಡಿ’ ಎಂದರು ತರಬೇತಿಗೆ ಬಂದವರು. ಅರ್ಧ ನಿಮಿಷದಲ್ಲಿ ಇಡೀ ಸಾಲು ಸಮಾಧಿ ಸ್ಥಿತಿಗೆ ಹೋಯಿತು. ಇಷ್ಟು ಬೇಗ ಧ್ಯಾನಕ್ಕೆ ಇಳಿಯುವವರನ್ನು ತಾವು ಕಂಡೇ ಇಲ್ಲ ಎಂದು ಅವರು ಗದ್ಗದಿತರಾದರು. ಗೊರಕೆಯನ್ನು ಉಸಿರಾಟದ ಹೊಸ ಬಗೆ ಎಂದುಕೊಂಡರೇನೋ. (ಅಂದಹಾಗೆ, ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸದಿಂದ ಬಹುಶಃ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಹೇಳಿದೆ. ಉಸಿರು ಎಳೆದು ಬಿಟ್ಟರೆ ಸರಿಹೋಗುತ್ತದೆ ಎಂದು ಅದು ಎಲ್ಲೂ ಹೇಳಿಲ್ಲ.)

ಆಮೇಲೆ ಫಾರ್ಮು ಹಂಚಿದರು. 1 ಅಂದರೆ ಒಪ್ಪುವುದೇ ಇಲ್ಲ, 5 ಅಂದರೆ ಪೂರ್ತಿ ಒಪ್ಪುತ್ತೇನೆ. ಮೊದಲ ಸಾಲು: ‘ಮನೆಯಲ್ಲಿ ಮಾಡಬೇಕು ಎಂದುಕೊಂಡದ್ದು ಕೆಲಸದಿಂದಾಗಿ ತಪ್ಪಿಹೋಗುತ್ತದೆ.’ ಪೇದೆ ಪೆನ್ನು ಎತ್ತಿಕೊಂಡು ಯೋಚಿಸಿದ. ಏನು ಮಾಡಬೇಕು ಎಂದುಕೊಂಡಿದ್ದೆ? ಏನೂ ನೆನಪಾಗಲಿಲ್ಲ. ಅಂದುಕೊಳ್ಳುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಂದುಕೊಳ್ಳದೆ ಇದ್ದದ್ದು ತಪ್ಪಿಹೋಗುವುದು ಹೇಗೆ ಅಲ್ವಾ? 1ಕ್ಕೆ ಟಿಕ್ ಹಾಕಿದ. ಪಕ್ಕದಲ್ಲಿದ್ದ ಮಹಿಳಾ ಪೇದೆ ಯೋಚಿಸಲೂ ಹೋಗಲಿಲ್ಲ. ಅವರಿಗೆ ಮನೆಯಲ್ಲೂ ಒಂದು ಪಾಳಿ ಇದೆ. ಅಲ್ಲಿ ರಿಲೀವರ್ ಬರುವ ಪದ್ಧತಿ ಇಲ್ಲ.

ಸಂಶೋಧಕರು ಪಾಪ ಕೆಟ್ಟವರಲ್ಲ. 1996ರಲ್ಲಿ ನೆಟೆಮೇಯರ್ ಮತ್ತು ಜೊತೆಗಾರರು ಇದಕ್ಕೆಂದೇ ಒಂದು ಅಳತೆಗೋಲು ಮಾಡಿದರು. ಕೆಲಸ ಮನೆಯೊಳಗೆ ನುಗ್ಗುವುದು ಬೇರೆ, ಮನೆ ಕೆಲಸದೊಳಗೆ ನುಗ್ಗುವುದು ಬೇರೆ ಎಂದು ಎರಡನ್ನೂ ಬೇರೆ ಬೇರೆಯಾಗಿ ಅಳೆದರು. ಇಷ್ಟು ಕಷ್ಟಪಡುವ ಬದಲು ಯಾವುದಾದರೂ ಠಾಣೆಗೆ ಬಂದು ಕೇಳಬಹುದಿತ್ತು. ಮನೆ ಕೆಲಸದೊಳಗೆ ನುಗ್ಗಿದರೆ ಮೆಮೊ ಇದೆ, ವಿವರಣೆ ಕೇಳುವುದಿದೆ. ಕೆಲಸ ಮನೆಯೊಳಗೆ ನುಗ್ಗಿದರೆ ಅದರ ಹೆಸರು ಕರ್ತವ್ಯನಿಷ್ಠೆ. ಮಗಳಿಗೆ ಜ್ವರ ಎಂದು ಡ್ಯೂಟಿಗೆ ಅರ್ಧ ಗಂಟೆ ತಡವಾದರೆ ಪುಸ್ತಕದಲ್ಲಿ ಎಂಟ್ರಿ ಬೀಳುತ್ತದೆ. ಜ್ವರ ಬಂದು, ಇಳಿದು, ಮಗಳು ಶಾಲೆಗೆ ಹೋದ ಮೇಲೆ ಅಪ್ಪ ಮನೆಗೆ ಬಂದರೆ ಯಾವ ಪುಸ್ತಕದಲ್ಲೂ ಎಂಟ್ರಿ ಇಲ್ಲ. ಅತಿಕ್ರಮ ಪ್ರವೇಶ ಎರಡೂ ಕಡೆ ನಡೆದಿದೆ. ಕೇಸು ಮಾತ್ರ ಒಂದೇ ಕಡೆ.

ಟೈಮು, ದಣಿವು ಎರಡೇ ಸಮಸ್ಯೆಯಲ್ಲ, ನಡವಳಿಕೆಯೂ ಅಡ್ಡ ಬರುತ್ತದೆ ಎಂದು 1985ರಲ್ಲೇ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಎಂಬ ಇನ್ನಿಬ್ಬರು ಸಂಶೋಧಕರು ಬರೆದಿದ್ದರು. ಎಲ್ಲರನ್ನೂ ಅನುಮಾನಿಸು, ದನಿ ಏರಿಸು, ಮುಖದಲ್ಲಿ ಏನೂ ತೋರಿಸಬೇಡ. ಹೊರಗೆ ಇದಕ್ಕೆ ಶಭಾಷ್ ಸಿಗುತ್ತದೆ. ಮನೆಯಲ್ಲಿ ಅದೇ ದನಿಯಲ್ಲಿ ‘ನಿನ್ನೆ ಸಂಜೆ ಎಲ್ಲಿದ್ದೆ?’ ಎಂದು ಪೇದೆ ಮಗನನ್ನು ಕೇಳಿದ. ಮಗ ಅಪ್ಪನ ಮಗನೇ. ‘ಅಮ್ಮ ಬರೋವರೆಗೂ ನಾನೇನೂ ಹೇಳಲ್ಲ’ ಎಂದ.

ಹಿಂದೆ ಇಷ್ಟೂ ಇರಲಿಲ್ಲ ಬಿಡಿ. 1829ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಪೀಲ್ ಪೊಲೀಸ್ ಪಡೆ ಕಟ್ಟಿದ ಕಾಲದಲ್ಲಿ, ಡ್ಯೂಟಿ ಇಲ್ಲದಾಗಲೂ ಪೇದೆ ಸಮವಸ್ತ್ರದಲ್ಲೇ ಇರಬೇಕಿತ್ತು. ಡ್ಯೂಟಿಯಲ್ಲಿದ್ದಾನೋ ಇಲ್ಲವೋ ಎಂದು ಜನರಿಗೆ ಗೊತ್ತಾಗಲಿ ಎಂದು ಕೈಗೆ ಒಂದು ಪಟ್ಟಿ ಕಟ್ಟಿಸಿದರು. ವಾರಕ್ಕೊಂದು ದಿನ ರಜೆ ಕೊಡಬೇಕು ಎಂಬ ಕಾನೂನು ಬಂದದ್ದು 1910ರಲ್ಲಿ. ಪೊಲೀಸನೂ ವಾರಕ್ಕೊಮ್ಮೆ ಕಾಲು ಚಾಚಬೇಕು ಎಂದು ಹೊಳೆಯಲು 81 ವರ್ಷ. ಈಗ ಸಮವಸ್ತ್ರ ಬಿಚ್ಚಬಹುದು, ಮೊಬೈಲ್ ಆಫ್ ಮಾಡುವ ಹಾಗಿಲ್ಲ. ಕೈಪಟ್ಟಿ ಈಗ ಜೇಬಿಗೆ ಬಂದಿದೆ, ಅಷ್ಟೇ.

ಫಾರ್ಮಿಗೆ ಬರೋಣ. ಎಲ್ಲವೂ ಗುಟ್ಟಾಗಿರುತ್ತದೆ, ಹೆಸರು ಬರೆಯಬೇಕಿಲ್ಲ ಎಂದರು. ಬ್ಯಾಡ್ಜ್ ನಂಬರ್ ಬರೆದರೆ ಸಾಕಂತೆ. ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುತ್ತಿದ್ದರು. ‘ಒಟ್ಟಿನಲ್ಲಿ ನನಗೆ ಈ ಉದ್ಯೋಗ ತೃಪ್ತಿ ಕೊಟ್ಟಿದೆ’ ಎಂಬ ಸಾಲಿಗೆ ಅವರು ನಮ್ಮ ಪೇದೆಯ ಬೆನ್ನ ಹಿಂದೆಯೇ ನಿಂತರು. 5ಕ್ಕೆ ಟಿಕ್ ಬಿತ್ತು. ಬೆದರಿಸಿ ಪಡೆದ ಹೇಳಿಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಪೊಲೀಸರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ವರದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಬಣ್ಣದ ಚಾರ್ಟಿನ ಪಕ್ಕದಲ್ಲಿ.

ಆ 5 ಪೂರ್ತಿ ಸುಳ್ಳೂ ಅಲ್ಲ. ಕಳೆದುಹೋದ ಮಗುವನ್ನು ಹುಡುಕಿ ತಾಯಿಯ ಕೈಗೆ ಕೊಟ್ಟ ದಿನ ಪೇದೆಗೆ ಆದ ಖುಷಿ ನಿಜದ್ದೇ. ಖುಷಿ ಕೊಡುವ ಸಂಗತಿಗಳೇ ಬೇರೆ, ಬೇಸರ ತರುವ ಸಂಗತಿಗಳೇ ಬೇರೆ, ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಹೋಗುವುದಿಲ್ಲ ಎಂದು ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲೇ ವಾದಿಸಿದ್ದ. ಇಲಾಖೆಯ ಲೆಕ್ಕ ಇನ್ನೂ ಸುಲಭ. ಆ ಖುಷಿಯನ್ನು ರಜೆಯ ಖಾತೆಗೆ ಜಮೆ ಮಾಡಿಕೊಂಡು, ಬಾಕಿ ಚುಕ್ತಾ ಎಂದು ಬರೆಯುತ್ತದೆ.

ಕೊನೆಯಲ್ಲಿ ‘ಬೇರೆ ಏನಾದರೂ ಹೇಳುವುದಿದ್ದರೆ ಬರೆಯಿರಿ’ ಎಂದು ಎರಡು ಗೆರೆ ಜಾಗ ಬಿಟ್ಟಿದ್ದರು. ಪೇದೆ ಆಚೀಚೆ ನೋಡಿ, ಸಣ್ಣ ಅಕ್ಷರದಲ್ಲಿ ಬರೆದ: ‘ಸಾರ್, ಮುಗಿದಿದ್ದರೆ ಮನೆಗೆ ಹೋಗಬಹುದಾ?’

ಆ ಉತ್ತರ ವರದಿಯಲ್ಲಿ ‘ಇತರೆ’ ಎಂಬ ಸಾಲಿಗೆ ಸೇರಿದೆ. ವರದಿ ಬಿಡುಗಡೆ ಮಾಡಲು ಮಂತ್ರಿಗಳೇ ಬರುತ್ತಿದ್ದಾರೆ. ಬಂದೋಬಸ್ತ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿಯೂ ಆಗಿದೆ. ಆ ದಿನ ವಾರದ ರಜೆ ಇದ್ದವರ ನಂಬರುಗಳು ಮೇಲಿನಿಂದಲೇ ಶುರುವಾಗುತ್ತವೆ.