ಮಳೆಗಾಲದಲ್ಲಿ ಲೆಕ್ಕ ಇಲ್ಲ

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ ಕೋರೆಯ ಕೆಂಪು ಹುಡಿ, ಕಡಿದ ಗುಡ್ಡದ ಸಡಿಲ ಮಣ್ಣು ತೋಡಿಗಿಳಿದು ಮದಕ (ನಮ್ಮ ಕಡೆಯ ಕೆರೆ) ಸೇರುವುದೂ ಆಗಲೇ. ಗಣಿಗೆ ಅನುಮತಿ ಕೊಡುವ ಮೊದಲು ಬೇಕಾಗುವ ಪರಿಸರ ವರದಿಗೆ ನೀರು, ಮಣ್ಣು, ಜೀವಿಗಳ ಲೆಕ್ಕ ತೆಗೆಯುವುದು ಯಾವಾಗ ಗೊತ್ತಾ? ನಿಯಮದಲ್ಲೇ ಇದೆ. ಒಂದು ಋತುವಿನ ಲೆಕ್ಕ ಸಾಕು, ಆದರೆ ಅದು ಮಳೆಗಾಲ ಆಗಿರಬಾರದು!

ರಾತ್ರಿಯಿಡೀ ಆಟ ನಡೆದು, ವೇಷದವರು ಬಣ್ಣ ತೆಗೆದು ಮನೆಗೆ ಹೋದ ಮೇಲೆ ಬಯಲಿಗೆ ಬಂದು, ‘ಇಲ್ಲಿ ಚೆಂಡೆಯ ಸದ್ದೇ ಇಲ್ಲ’ ಎಂದು ಬರೆದುಕೊಂಡು ಹೋದ ಹಾಗೆ.

ಇದು ವರದಿ ಬೇಕಾದವರ ಕಷ್ಟ. ಹೆದ್ದಾರಿಯಂಥ ಕೆಲಸಕ್ಕೆ ಮಣ್ಣು ತೆಗೆಯುವವರಿಗೆ ಅದೂ ಬೇಡ, ಪರಿಸರ ಅನುಮತಿಯೇ ಬೇಡ ಅಂತ ಕೇಂದ್ರದ ಆದೇಶ ಬಂದಿತ್ತು. 2020ರ ಮಾರ್ಚ್ 28ರಂದು. ನಾವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿ ಕೂತಿದ್ದ ಹೊತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2024ರ ಮಾರ್ಚಿನಲ್ಲಿ. ಅಷ್ಟರಲ್ಲಿ ನಾಲ್ಕು ಮಳೆಗಾಲ ಕಳೆದವು.

ಡಿಸೆಂಬರಿನಲ್ಲಿ ವರದಿಗೆ ನೀರು ತುಂಬಿಸಿಕೊಳ್ಳಲು ಬಾಟಲಿ ಹಿಡಿದು ಬರುವವರಿಗೆ ಮದಕದ ನೀರು ತಿಳಿಯಾಗಿಯೇ ಕಾಣುತ್ತದೆ. ಮಣ್ಣೆಲ್ಲ ತಳದಲ್ಲಿ ಕೂತಿದೆ. ಸರಿಯಾಗಿ ಹೇಳಬೇಕೆಂದರೆ, ತಳದಲ್ಲಿ ಇರುವವರ ಮೇಲೆ ಕೂತಿದೆ. ಮೇಫ್ಲೈ ಎಂಬ ಕೀಟದ ಮರಿಗೆ ಹೊಟ್ಟೆಯ ಎರಡೂ ಬದಿಯಲ್ಲಿ ಕಿವಿರು. ಅದಕ್ಕೆ ನುಣ್ಣನೆಯ ಕೆಸರು ಮೆತ್ತಿದರೆ ಉಸಿರು ಕಟ್ಟಿತು. ಕಪ್ಪೆಚಿಪ್ಪು ನೀರು ಸೋಸಿ ತಿನ್ನುತ್ತದೆ, ಈಗ ಸೋಸಿದಷ್ಟೂ ಮಣ್ಣು. ನರ್ತೆಗೆ, ಅಂದರೆ ನೀರಿನ ಬಸವನಹುಳುವಿಗೆ, ಕಲ್ಲಿನ ಮೇಲಿನ ಪಾಚಿ ಬೇಕು, ಕಲ್ಲೇ ಹೂತುಹೋಗಿದೆ. ಉಳಿಯುವವರು ಕೆಸರಿನ ತೆಳು ಹುಳುಗಳು, ಮತ್ತೆ ಕೆಂಪು ಮೈಯ ಒಂದು ಜಾತಿಯ ನೊಣದ ಮರಿಗಳು. ಅವಕ್ಕೆ ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಿಮೆಯಾದರೂ ಸುಧಾರಿಸಿಕೊಳ್ಳುತ್ತವೆ. ಕೇರಳದಲ್ಲಿ ಕೆಂಪಾಗಿರುವುದರ ಲಾಭ ಅಂತ ಯಾರಾದರೂ ಅಂದರೆ ನಾನು ಹೊಣೆ ಅಲ್ಲ.

ತಮಾಷೆ ಏನೆಂದರೆ, ಹುಳು ನೋಡಿ ನೀರಿನ ಗುಣ ಹೇಳುವ ಲೆಕ್ಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹತ್ತಿರವೇ ಇದೆ. ಹತ್ತರವರೆಗೆ ಅಂಕ. ಕೊಳೆ ತಾಳದ ಕೆಲವು ಮೇಫ್ಲೈಗಳಿಗೆ 10, ಕೆಸರು ಹುಳುಗಳಿಗೆ 1. ನಮ್ಮ ಶಾಲೆಗಳಲ್ಲಿ ಇದ್ದ ಹಾಗೆ ಎಲ್ಲರನ್ನೂ ಪಾಸು ಮಾಡುವ ಪದ್ಧತಿ ಅಲ್ಲ. ಆದರೆ ಪರೀಕ್ಷೆ ಬರೆಯಬೇಕಾದವರು ಬಾಟಲಿಯ ಬಾಯಿಗೆ ತಾವಾಗಿ ಬಂದು ಕೂರುವುದಿಲ್ಲ. ಬಲೆ ಹಿಡಿದು ಕೆಸರಿಗೆ ಇಳಿಯಬೇಕು, ಪ್ಯಾಂಟ್ ಮಡಚಬೇಕು. ಯಾರಿಗೆ ಬೇಕು ಸುಮ್ನೆ? ಗೈರುಹಾಜರಿ ಹಾಕಿ, ‘ಗಮನಾರ್ಹ ಪರಿಣಾಮ ಇಲ್ಲ’ ಎಂದು ಬರೆದರೆ ಮುಗಿಯಿತು.

ಹಾಗಾದರೆ ತಳದ ಅಲ್ಪಸಂಖ್ಯಾತರಿಗೂ ಒಂದು ಆಯೋಗ ಕೇಳೋಣ ಅಂತೀರಾ? ಬೇಡ ಮಾರಾಯ್ರೇ. ಚಂದ್ರಗಿರಿ ಹೊಳೆಯಿಂದ ಉತ್ತರದ ಊರುಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಿ ಅಂತ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಆ ವರದಿ ಯಾವ ಕೆಸರಿನಡಿ ಇದೆಯೋ! ಹುಡುಕಬೇಕಾದರೆ ಆ ಕೆಂಪು ಮರಿಗಳನ್ನೇ ಕಳಿಸಬೇಕು. ಗಾಳಿಯಾಡದ ಜಾಗದಲ್ಲಿ ಕೆಲಸ ಮಾಡಿ ಅಭ್ಯಾಸ ಇರುವುದು ಅವಕ್ಕೆ ಮಾತ್ರ.