ಬೋಟಿಂಗ್ ಬರಲಿ, ನೀರುನಾಯಿಯೂ ಇರಲಿ

ತುಂಗಭದ್ರಾ (ಟಿಬಿ) ಡ್ಯಾಂ ಹಿನ್ನೀರಿನಲ್ಲಿ ಬೋಟಿಂಗ್ ಜಾಸ್ತಿ ಮಾಡಿ, ಪ್ರವಾಸಿಗರು ಬರುತ್ತಾರೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬರಲಿ ಸರ್, ನಮ್ಮ ಮುನಿರಾಬಾದ್ ಕಡೆ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ. ಆದರೆ ಡ್ಯಾಂ ಕೆಳಗಿನ ನದಿಯ ಬಗ್ಗೆ ಒಂದು ಮಾತೂ ಇಲ್ಲವಲ್ಲ?

ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ನದಿಯನ್ನು 2015ರಲ್ಲೇ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಬೆಳಗ್ಗೆ ಬೇಗ ಹೋದರೆ ಬಂಡೆ ಮೇಲೆ ಮೀನಿನ ಹುರುಪೆ ಅಂಟಿರುತ್ತದೆ, ಪಕ್ಕದ ಹಸಿ ಮರಳಲ್ಲಿ ನೀರುನಾಯಿಯ ಹೆಜ್ಜೆ ಗುರುತು. ಹೋದ ಬೇಸಿಗೆ ಅಲ್ಲೇ ಹರಿದ ಬಲೆ, ಪ್ಲಾಸ್ಟಿಕ್ ಲೋಟದ ರಾಶಿ ನೋಡಿದೆ. ಹೊಟ್ಟೆ ಉರಿಯಿತು.

ಇನ್ನು ಪ್ರವಾಹ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಲೆನಾಡಲ್ಲಿ ಮಳೆ ಜೋರಾದರೆ ಬೇಗ ತುಂಬುತ್ತದೆ, ಗೇಟ್ ಎತ್ತಲೇಬೇಕು. 2019ರ ಆಗಸ್ಟ್‌ನಲ್ಲಿ ಹಂಪಿ ಹತ್ತಿರದ ನದಿ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡಿದ್ದು ನೆನಪಿದೆ ಅಲ್ವಾ? 2024ರಲ್ಲಿ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದ ರಾತ್ರಿ ನಮ್ಮೂರಲ್ಲಿ ಎಷ್ಟೋ ಜನ ನಿದ್ದೆ ಮಾಡಲಿಲ್ಲ.

ನೀರು ಬಿಡುವ ಮುಂಚೆ ನದಿ ದಂಡೆಯ ಪ್ರತಿ ಊರಿಗೂ ಮೈಕಲ್ಲಿ ಹೇಳಲಿ. ಬೋಟು ಹಿನ್ನೀರಲ್ಲೇ ಓಡಲಿ, ನೀರುನಾಯಿ ಇರುವ ಬಂಡೆಗಳ ಹತ್ತಿರ ಬೇಡ. ಮುಂದಿನ ಸಲ ಬರೆಯುವಾಗ ಇದನ್ನೂ ಸೇರಿಸಿ, ದಯವಿಟ್ಟು.